ಹಿರಿಯರ ಗಂಟಿಗೆ ಕನ್ನ ಬಿದ್ದಾಗ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಎಪ್ಪತ್ತೆರಡು ವರ್ಷದ ನಿವೃತ್ತ ಶಿಕ್ಷಕರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಇಪ್ಪತ್ತು ವರ್ಷಗಳಿಂದ ನನಗೆ ಪರಿಚಿತರು. ಮೂರು ವಾರಗಳಿಂದ ನಿದ್ರೆಯಿಲ್ಲ, ಅನ್ನ ಬೇಡ, ಮಲಬದ್ಧತೆ, ಎದೆಯಲ್ಲಿ ಡವಡವ ಎಂದರು. ವಾತಪ್ರಕೋಪದ ಲಕ್ಷಣಗಳು ಸ್ಪಷ್ಟವಾಗಿದ್ದವು. ಅಶ್ವಗಂಧಾರಿಷ್ಟವನ್ನೂ, ರಾತ್ರಿ ಅಂಗಾಲಿಗೆ ಹಚ್ಚಿಕೊಳ್ಳಲು ಕ್ಷೀರಬಲಾ ತೈಲವನ್ನೂ ಬರೆದುಕೊಟ್ಟು ಕಳುಹಿಸಿದೆ. ಹದಿನೈದು ದಿನ ಬಿಟ್ಟು ಬಂದಾಗ ಮತ್ತಷ್ಟು ಸೊರಗಿದ್ದರು. ಆ ದಿನ ಉಳಿದ ರೋಗಿಗಳೆಲ್ಲ ಹೋಗುವವರೆಗೆ ಅವರನ್ನು ಕೂರಿಸಿಕೊಂಡು, "ಮನೆಯೊಳಗ ಏನರ ಆಗೇದೇನ್ರೀ ಮಾಸ್ತರ?" ಎಂದು ಕೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಡಾಕ್ಟ್ರೇ, ಯಾರ ಮುಂದೂ ಹೇಳಬ್ಯಾಡ್ರಿ. ಹನ್ನೊಂದು ಲಕ್ಷ ಹೋತು" ಎಂದರು.

ಫೋನಿನಲ್ಲಿ ಎರಡು ದಿನ ಅವರನ್ನು 'ಬಂಧಿಸಿ' ಇಟ್ಟಿದ್ದರು. ಹೆಂಡತಿ ಪಕ್ಕದ ಕೋಣೆಯಲ್ಲಿಯೇ ಇದ್ದರು. ಪಿಂಚಣಿದಾರರ ಸಂಘದ ಏನೋ ಕೆಲಸವಿರಬೇಕೆಂದು ಆಕೆ ತಿಳಿದಿದ್ದರಂತೆ.

ಆರೋಗ್ಯ ವಿಭಾಗದಲ್ಲಿ ಹಣದ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ನನ್ನ ಔಷಧಿ ಹದಿನೈದು ದಿನ ಆ ಮಾಸ್ತರರ ಮೇಲೆ ಏಕೆ ಕೆಲಸ ಮಾಡಲಿಲ್ಲವೆಂಬುದೇ ಇದಕ್ಕೆ ಮೊದಲ ಉತ್ತರ. ಎರಡನೆಯ ಉತ್ತರವನ್ನು ಚರಕರೇ ಕೊಟ್ಟಿದ್ದಾರೆ. ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅವರು ಮನುಷ್ಯನಿಗೆ ಸಹಜವಾದ ಮೂರು ಏಷಣೆಗಳನ್ನು ಹೇಳುತ್ತಾರೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಪ್ರಾಣದ ನಂತರದ ಸ್ಥಾನವನ್ನೇ ಧನಕ್ಕೆ ಕೊಟ್ಟಿದ್ದಾರೆ. ಜೀವನೋಪಾಯದ ಸಾಧನವಿಲ್ಲದೆ ದೀರ್ಘಾಯುಷ್ಯ ಪಡೆಯುವುದಕ್ಕಿಂತ ಹೆಚ್ಚಿನ ದುರ್ದೆಶೆ ಇಲ್ಲವೆಂಬುದು ಅಲ್ಲಿಯ ಮಾತಿನ ತಾತ್ಪರ್ಯ. ವೈದ್ಯಶಾಸ್ತ್ರದ ಗ್ರಂಥವೊಂದು ಇದನ್ನು ಬರೆದಿರುವಾಗ ವೈದ್ಯನಾದವನು ಹಣದ ವಿಷಯ ನನಗೆ ಸಂಬಂಧಿಸಿದ್ದಲ್ಲವೆಂದು ಹೇಳಲಾಗದು. ರಕ್ತದೊತ್ತಡದ ಮಾತ್ರೆಯನ್ನು ಅರ್ಧ ಮುರಿದು ನುಂಗುವ ಅಜ್ಜಿ, ಕನ್ನಡಕ ಒಡೆದು ಆರು ತಿಂಗಳಾದರೂ ಹೊಸದು ಕೊಳ್ಳದ ಅಜ್ಜ, ಹಲ್ಲುಕಟ್ಟು ಇಲ್ಲದೆ ಬರೀ ಗಂಜಿ ಕುಡಿಯುವವರು ಇವರೆಲ್ಲರ ಕಾಯಿಲೆಯ ಬೇರು ಹೊಟ್ಟೆಯಲ್ಲಿಲ್ಲ, ಪಾಸ್‌ಬುಕ್ಕಿನಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 60 ವರ್ಷ ದಾಟಿದ ಆರು ಮಂದಿಯಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ. ಹಣಕಾಸಿನ ಶೋಷಣೆ ಅದರಲ್ಲೊಂದು ಮುಖ್ಯ ಬಗೆ. ವಿಶ್ವಸಂಸ್ಥೆ 2011ರಲ್ಲಿ ಜೂನ್ 15ನ್ನು ಇದಕ್ಕಾಗಿಯೇ ಜಾಗೃತಿ ದಿನವೆಂದು ಗುರುತಿಸಿತು. ಆ ದಿನ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಹಿರಿಯರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ.

ಮೋಸ ಹೋದ ಹಿರಿಯರ ಬಗ್ಗೆ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು, "ಇಷ್ಟು ಓದಿದವರು, ಇಷ್ಟೂ ತಿಳಿಯಲಿಲ್ಲವೇ?" ಎಂಬುದು. ಈ ಮಾತು ತಪ್ಪು. ವಯಸ್ಸಾದಂತೆ ವಿದ್ಯೆ ಹೋಗುವುದಿಲ್ಲ. ಕುಗ್ಗುವುದು ಬೇರೊಂದು ಶಕ್ತಿ. ಆಯುರ್ವೇದವು ಪ್ರಜ್ಞೆಯನ್ನು ಧೀ, ಧೃತಿ, ಸ್ಮೃತಿ ಎಂದು ಮೂರಾಗಿ ವಿಂಗಡಿಸುತ್ತದೆ. ಧೀ ಎಂದರೆ ಇದು ಹಿತ, ಇದು ಅಹಿತವೆಂದು ಅರಿಯುವುದು. ಧೃತಿ ಎಂದರೆ ಮನಸ್ಸನ್ನು ತಡೆದು ನಿಲ್ಲಿಸುವುದು. ಸ್ಮೃತಿ ಎಂದರೆ ನೆನಪು. ವಂಚಕನು ಧೀಯ ಗೊಡವೆಗೇ ಹೋಗುವುದಿಲ್ಲ; ಅವನು ಕೈಹಾಕುವುದು ಧೃತಿಗೆ. ಭಯದಿಂದ ವಾಯು ಕೆರಳುತ್ತದೆ ಎಂಬುದು ನಮ್ಮ ಶಾಸ್ತ್ರದ ಹಳೆಯ ಮಾತು. ವೃದ್ಧಾಪ್ಯವೇ ವಾತದ ಕಾಲ; ಅದರ ಮೇಲೆ ಭಯ ಬಿದ್ದರೆ ತಿಳಿವಳಿಕೆ ಇದ್ದೂ ಇಲ್ಲದಂತಾಗುತ್ತದೆ.

ಆಧುನಿಕ ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಿದೆ. 2012ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಂಬಿಕೆಗೆ ಅರ್ಹವಲ್ಲವೆನಿಸುವ ಮುಖಗಳ ಚಿತ್ರಗಳನ್ನು ತರುಣರಿಗೂ ಹಿರಿಯರಿಗೂ ತೋರಿಸಿ ನೋಡಿದರು. ತರುಣರ ಮೆದುಳಿನಲ್ಲಿ ಎಚ್ಚರಿಕೆಯ ಸಂವೇದನೆ ಹುಟ್ಟಿಸುವ ಇನ್ಸುಲಾ ಎಂಬ ಭಾಗ ಚುರುಕಾದಷ್ಟು ಹಿರಿಯರಲ್ಲಿ ಆಗಲಿಲ್ಲ. ಒಳಗಿನಿಂದ 'ಏನೋ ಸರಿಯಿಲ್ಲ' ಎಂದು ಹೇಳುವ ಗಂಟೆಯ ಸದ್ದೇ ಸಣ್ಣದಾಗಿರುತ್ತದೆ. ಇನ್ನೊಂದು ಸಂಗತಿ: 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮರೆವಿನ ಕಾಯಿಲೆ ವೈದ್ಯರಿಂದ ಪತ್ತೆಯಾಗುವುದಕ್ಕೆ ಆರು ವರ್ಷಗಳಷ್ಟು ಮೊದಲೇ ಕೆಲವರು ಬಿಲ್ಲು ಕಟ್ಟುವುದನ್ನು ತಪ್ಪಿಸತೊಡಗಿದ್ದು ಕಂಡುಬಂದಿತು. ಹೆಸರು ಮರೆಯುವುದಕ್ಕಿಂತ ಮೊದಲು ಲೆಕ್ಕ ತಪ್ಪುತ್ತದೆ. ಆದ್ದರಿಂದ ಕರೆಂಟು ಬಿಲ್ಲನ್ನು ಎರಡು ಸಲ ಕಟ್ಟುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ತಡವರಿಸುವುದು, ಎಂದೂ ಸಾಲ ಕೊಡದವರು ಗುರುತಿಲ್ಲದವರಿಗೆ ಹಣ ಕೊಡುವುದು ಮನೆಯಲ್ಲಿ ಕಂಡರೆ ಬೈಯುವ ಬದಲು ವೈದ್ಯರ ಬಳಿಗೆ ಕರೆತರಬೇಕು. ಎಲ್ಲವೂ ಮರೆವಿನ ಕಾಯಿಲೆಯೇ ಆಗಿರಬೇಕೆಂದಿಲ್ಲ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಖಿನ್ನತೆ, ಇವು ಸಹ ಹಿರಿಯರ ಬುದ್ಧಿಯನ್ನು ಮಂಕು ಮಾಡುತ್ತವೆ, ಚಿಕಿತ್ಸೆಯಿಂದ ತಿಳಿಯಾಗುತ್ತವೆ. ಕಿವಿ ಮಂದವಾದವರು ಫೋನಿನಲ್ಲಿ ಅರ್ಧ ಕೇಳಿ ಪೂರ್ತಿಗೆ 'ಹೂಂ' ಎನ್ನುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮಾಸ್ತರರ ವಿಷಯಕ್ಕೆ ಮರಳೋಣ. ಅವರಿಗೆ ಬಂದ ಕರೆ ಈಗ ದೇಶದಾದ್ಯಂತ ಬರುತ್ತಿರುವಂಥದೇ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರಿನಿಂದ ಪಡೆದ ಸಿಮ್ಮು ಅಪರಾಧದಲ್ಲಿ ಬಳಕೆಯಾಗಿದೆ ಎಂದು ಆರಂಭ. ಮುಂದೆ ವಿಡಿಯೊ ಕರೆ. ಪರದೆಯ ಮೇಲೆ ಪೊಲೀಸ್ ಸಮವಸ್ತ್ರ, ಹಿಂದೆ ಲಾಂಛನ, ವಾಟ್ಸಾಪಿಗೆ ನ್ಯಾಯಾಲಯದ ಮುದ್ರೆಯ ನಕಲಿ ಆದೇಶ. "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ. ಕ್ಯಾಮೆರಾ ಆರಿಸಬಾರದು. ಯಾರಿಗೂ ಹೇಳಬಾರದು, ಹೇಳಿದರೆ ಮಕ್ಕಳನ್ನೂ ಬಂಧಿಸುತ್ತೇವೆ." ಕೊನೆಗೆ, ನಿಮ್ಮ ಹಣ ಶುದ್ಧವೋ ಅಲ್ಲವೋ ಎಂದು ಪರಿಶೀಲಿಸಬೇಕು, ಸರ್ಕಾರದ ಖಾತೆಗೆ ಹಾಕಿ, ಪರಿಶೀಲಿಸಿ ಹಿಂದಿರುಗಿಸುತ್ತೇವೆ ಎಂಬ ಮಾತು. ಮಾಸ್ತರರು ಬ್ಯಾಂಕಿಗೆ ಸ್ವತಃ ಹೋಗಿ ಠೇವಣಿ ಮುರಿಸಿ ಬಂದರು. "ಮಗಳ ಮದುವಿಗೆ" ಎಂದು ಸುಳ್ಳು ಹೇಳಲು ಆ ಕಡೆಯವರೇ ಕಲಿಸಿದ್ದರು. ಅವರ ಮಗಳಿಗೆ ಮದುವೆಯಾಗಿ ಹದಿನೆಂಟು ವರ್ಷವಾಗಿದೆ.

ವಿಡಿಯೊ ಕರೆಯಲ್ಲಿ ಬಂಧಿಸುವ ಅವಕಾಶ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೇ ಇದನ್ನು ಸ್ಪಷ್ಟಪಡಿಸಿದ್ದರು. 2025ರ ಅಕ್ಟೋಬರಿನಲ್ಲಿ ವೃದ್ಧ ದಂಪತಿಗಳು ಬರೆದ ಪತ್ರವನ್ನು ಆಧರಿಸಿ ಸುಪ್ರೀಂ ಕೋರ್ಟು ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆ ವಂಚಕರು ನ್ಯಾಯಾಲಯದ್ದೇ ಆದೇಶವೆಂದು ಖೋಟಾ ಕಾಗದ ತೋರಿಸಿದ್ದರು. ಇಷ್ಟೆಲ್ಲ ಪ್ರಚಾರವಾದ ಮೇಲೂ ಜನ ಏಕೆ ಬೀಳುತ್ತಾರೆಂದರೆ, ಸಂಕಟದ ಕಾಲದಲ್ಲಿ ಓದಿದ್ದು ನೆನಪಿಗೆ ಬರುವುದಿಲ್ಲ. ಜೀವನವಿಡೀ ಸರ್ಕಾರಿ ಕಾಗದಕ್ಕೆ, ಸಾಹೇಬರ ಮಾತಿಗೆ ತಲೆಬಾಗಿ ನಡೆದ ಪ್ರಾಮಾಣಿಕರೇ ಇದಕ್ಕೆ ಹೆಚ್ಚು ಸುಲಭವಾಗಿ ಸಿಗುತ್ತಾರೆ. ಕಳ್ಳನಿಗೆ ಪೊಲೀಸ್ ಕರೆಯ ಭಯ ಇಷ್ಟಿರುವುದಿಲ್ಲ. ಆದ್ದರಿಂದ ಹತ್ತು ಎಚ್ಚರಿಕೆಗಳನ್ನು ಬಾಯಿಪಾಠ ಮಾಡಿಸುವ ಬದಲು ಒಂದನ್ನು ಮಾತ್ರ ಮನೆಯಲ್ಲಿ ರೂಢಿ ಮಾಡಿಸಿ: "ಯಾರಿಗೂ ಹೇಳಬೇಡಿ" ಎಂದು ಯಾವ ಕರೆ ಹೇಳುತ್ತದೆಯೋ ಅದನ್ನು ಆ ಕ್ಷಣವೇ ಕತ್ತರಿಸಿ, ಮನೆಯ ಇನ್ನೊಬ್ಬರಿಗೆ ಹೇಳುವುದು.

ಉಳಿದ ಫೋನ್ ಮೋಸಗಳು ಇದರ ತಮ್ಮಂದಿರು. ನವೆಂಬರ್ ಬಂತೆಂದರೆ ಪಿಂಚಣಿದಾರರಿಗೆ ಜೀವಂತ ಪ್ರಮಾಣಪತ್ರದ ಹೆಸರಿನಲ್ಲಿ ಕರೆ ಬರುತ್ತದೆ. ಪಿಂಚಣಿ ಆದೇಶದ ಸಂಖ್ಯೆಯನ್ನೂ ನಿವೃತ್ತಿಯ ದಿನಾಂಕವನ್ನೂ ಅವರೇ ಹೇಳಿ, ಕೊನೆಗೆ ಒ.ಟಿ.ಪಿ. ಕೇಳುತ್ತಾರೆ. ಕೆ.ವೈ.ಸಿ. ಮುಗಿದಿದೆ, ಕರೆಂಟು ಕಡಿತವಾಗುತ್ತದೆ ಎಂಬ ಸಂದೇಶಗಳು ಸಹ ಅಂಥವೇ. ಚಾರ್‌ಧಾಮ ಯಾತ್ರೆಯ ಹೆಲಿಕಾಪ್ಟರ್ ಟಿಕೆಟ್ಟಿಗೂ ನಕಲಿ ಜಾಲತಾಣಗಳಿವೆ. ವಾಟ್ಸಾಪಿನಲ್ಲಿ ಬರುವ ಮದುವೆಯ ಆಮಂತ್ರಣದ ಕಡತವನ್ನು, ಕಳುಹಿಸಿದವರನ್ನು ಕೇಳದೆ ತೆರೆಯಬೇಡಿ.

ಹಳ್ಳಿಯ ಹಿರಿಯರಿಗೆ ಫೋನಿಗಿಂತ ಹೆಬ್ಬೆಟ್ಟಿನಿಂದ ಆಗುವ ಮೋಸವೇ ಹೆಚ್ಚು. ಸಂಧ್ಯಾ ಸುರಕ್ಷೆಯ 1,200 ರೂಪಾಯಿ ತೆಗೆಯಲು ಹೋದ ಅಜ್ಜಿಯಿಂದ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ, "ಸರ್ವರ್ ಇಲ್ಲಬೇ, ನಾಳಿ ಬಾ" ಎಂದು ಕಳುಹಿಸುವವರಿದ್ದಾರೆ. ಹಣ ಅಂದೇ ಖಾತೆಯಿಂದ ಹೋಗಿರುತ್ತದೆ. ಪ್ರತಿ ಸಲ ರಸೀದಿ ಕೇಳುವುದು, ತಿಂಗಳಿಗೊಮ್ಮೆ ಪಾಸ್‌ಬುಕ್ ತುಂಬಿಸುವುದು, ಇವೆರಡರಿಂದ ಇದು ಬಹುಮಟ್ಟಿಗೆ ನಿಲ್ಲುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ನೋಂದಾಯಿತ ದಸ್ತಾವೇಜುಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಆಧಾರ್ ಜಾಲತಾಣದಲ್ಲಿಯೋ ಎಂ-ಆಧಾರ್ ಆ್ಯಪ್‌ನಲ್ಲಿಯೋ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ. ಆದರೆ ಹೆಬ್ಬೆಟ್ಟಿನಿಂದಲೇ ಪಿಂಚಣಿ ತೆಗೆಯುವವರು ಬೀಗ ಹಾಕಿದರೆ ಪ್ರತಿ ತಿಂಗಳೂ ತೆರೆಯಬೇಕಾಗುತ್ತದೆ. ಮೊಮ್ಮಕ್ಕಳ ನೆರವಿಲ್ಲದಿದ್ದರೆ ಇದು ಕಷ್ಟ.

ನಮ್ಮ ವೃತ್ತಿಯ ಹೆಸರಿನಲ್ಲಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು. ಆಯುರ್ವೇದದ ಹೆಸರಿನಲ್ಲಿ ಹಿರಿಯರನ್ನು ಸುಲಿಯುವ ತಂಡಗಳು ಬೆಂಗಳೂರಿನಂಥ ನಗರಗಳಲ್ಲಿ ಬಹಳ ವರ್ಷಗಳಿಂದ ಇವೆ. ಆಸ್ಪತ್ರೆಯ ಹೊರಗೋ ಉದ್ಯಾನದಲ್ಲಿಯೋ ಕುಂಟುತ್ತ ನಡೆಯುವ ಹಿರಿಯರನ್ನು ನೋಡಿ ಸಭ್ಯ ಉಡುಪಿನ ಒಬ್ಬನು ಮಾತಿಗೆ ಬರುತ್ತಾನೆ. "ನಮ್ಮ ತಂದೆಯವರಿಗೂ ಹೀಗೆಯೇ ಮಂಡಿನೋವಿತ್ತು, ಇಂಥ ವೈದ್ಯರು ಒಂದೇ ದಿನದಲ್ಲಿ ಗುಣಪಡಿಸಿದರು" ಎಂದು ಫೋನ್ ಸಂಖ್ಯೆ ಕೊಡುತ್ತಾನೆ. ಎರಡು ದಿನದಲ್ಲಿ 'ವೈದ್ಯ' ಮನೆಗೇ ಬರುತ್ತಾನೆ. ಮಂಡಿಯ ಮೇಲೆ ಸಣ್ಣ ಗೀರು ಹಾಕಿ, ಕೊಳವೆಯಿಟ್ಟು ಹೀರಿ, ಹಳದಿ ದ್ರವವನ್ನು ಬಟ್ಟಲಲ್ಲಿ ತೋರಿಸಿ, ಕಾಲಿನೊಳಗಿದ್ದ ಕೀವು ಇದೇ ಎನ್ನುತ್ತಾನೆ. ಒಂದು ಹನಿಗೆ ಇಷ್ಟು ಸಾವಿರ ಎಂದು ಮೊದಲೇ ಹೇಳಿರುತ್ತಾನೆ. ಎಷ್ಟು ಹನಿ ಎಂದು ಹೇಳಿರುವುದಿಲ್ಲ. ಕೊನೆಗೆ ಲೆಕ್ಕ ಲಕ್ಷಗಳಲ್ಲಿ ನಿಲ್ಲುತ್ತದೆ. ಇನ್ನು ಕೆಲವರು ಒಂದು ಅಂಗಡಿಯ ಹೆಸರು ಹೇಳಿ, ಗ್ರಾಮಿಗೆ ಸಾವಿರಾರು ರೂಪಾಯಿಯ 'ಭಸ್ಮ' ತರಿಸುತ್ತಾರೆ.

ಓದುಗರು ತಿಳಿಯಬೇಕಾದ್ದು ಇಷ್ಟು. ವಯೋಸಹಜ ಸಂಧಿವಾತದಲ್ಲಿ ಮಂಡಿಯೊಳಗೆ ಕೀವು ಇರುವುದಿಲ್ಲ, ಸವೆದಿರುವುದು ಮೃದ್ವಸ್ಥಿ. ನಿಜವಾಗಿಯೂ ಕೀವು ತುಂಬಿದ್ದರೆ ರೋಗಿಗೆ ಜ್ವರ ಬಂದು ಕಾಲೂರಲಾಗದೆ ಮಲಗಿರುತ್ತಾರೆ, ಉದ್ಯಾನಕ್ಕೆ ಬರುವುದಿಲ್ಲ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಶೃಂಗ, ಅಲಾಬು, ಜಲೌಕಗಳಿಂದ ರಕ್ತಮೋಕ್ಷಣ ಮಾಡುವ ಕ್ರಮ ನಮ್ಮ ಶಾಸ್ತ್ರದಲ್ಲಿ ಉಂಟು. ಅದನ್ನು ತರಬೇತಿ ಪಡೆದ ವೈದ್ಯರು ಚಿಕಿತ್ಸಾಲಯದಲ್ಲಿ ಮಾಡುತ್ತಾರೆ. ಹನಿಗೆ ಬೆಲೆ ಕಟ್ಟುವ ಪದ್ಧತಿಯನ್ನು ಸುಶ್ರುತರು ಎಲ್ಲಿಯೂ ಹೇಳಿಲ್ಲ! ಚಿಕಿತ್ಸೆ ಬರೆದುಕೊಡುವವರ ಚೀಟಿಯಲ್ಲಿ ಪದವಿ ಹಾಗೂ ರಾಜ್ಯ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. ಕೇಳಿದರೆ ನನ್ನಂಥವರು ಬೇಸರಪಡುವುದಿಲ್ಲ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್ ಮುಂತಾದವುಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಅಂಥ ಜಾಹೀರಾತು ಕಂಡರೆ, ಅದು ಕಾಯ್ದೆ ಮೀರಿದ್ದೆಂದೇ ತಿಳಿಯಿರಿ.

ಬಡ್ಡಿಯ ಆಸೆಯ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ಕಡೆ ಪ್ರತಿ ಊರಿನಲ್ಲಿ ಪತ್ತಿನ ಸಹಕಾರ ಸಂಘಗಳೂ ಸೌಹಾರ್ದಗಳೂ ಇವೆ. ಬಹಳಷ್ಟು ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿವರೆಗಿನ ವಿಮೆ ಸಹಕಾರಿ ಬ್ಯಾಂಕುಗಳಿಗೂ ಉಂಟು, ಪತ್ತಿನ ಸಂಘಗಳಿಗೆ ಇಲ್ಲ. ಈ ವ್ಯತ್ಯಾಸ ಅನೇಕ ಹಿರಿಯರಿಗೆ ಗೊತ್ತಿಲ್ಲ. ಗ್ರ್ಯಾಚುಟಿಯ ಹಣವನ್ನೆಲ್ಲ ಒಂದೇ ಕಡೆ ಇಡಬಾರದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಕೊಡುತ್ತೇನೆನ್ನುವವನು ಆರು ತಿಂಗಳು ಕೊಡುವುದು ನಿಮ್ಮದೇ ಹಣವನ್ನು.

ಮನೆಯೊಳಗಿನ ಕನ್ನ

ಹೊರಗಿನ ಕಳ್ಳನ ಮೇಲೆ ದೂರು ಕೊಡುವುದು ಸುಲಭ. ಒಳಗಿನವರ ಮೇಲೆ ಕೊಡಲು ಕರುಳು ಒಪ್ಪುವುದಿಲ್ಲ. ಈ ಭಾಗವನ್ನು ನನ್ನ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ.

ಹತ್ತು ವರ್ಷಗಳ ಹಿಂದೆ, ನನಗೆ ಬಹಳ ಪರಿಚಯವಿದ್ದ ಮನೆತನದ ಮಗನೊಬ್ಬ ತಾಯಿಯನ್ನು ಕರೆದುಕೊಂಡು ಬಂದ. ಎಂಬತ್ತರ ಹತ್ತಿರದ ವಯಸ್ಸು. "ಅವ್ವಗ ಬುದ್ಧಿ ಚೊಲೋ ಐತಿ ಅಂತ ಒಂದು ಸರ್ಟಿಫಿಕೇಟ್ ಬೇಕ್ರಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ" ಎಂದ. ಹೊರಗೆ ಇಪ್ಪತ್ತು ರೋಗಿಗಳು ಕಾಯುತ್ತಿದ್ದರು. "ಅವ್ವಾರ, ಆರಾಮದೀರಿ?" ಎಂದೆ, ಆಕೆ ತಲೆಯಾಡಿಸಿದರು. ಎರಡು ನಿಮಿಷದಲ್ಲಿ ಸಹಿ ಹಾಕಿ ಮುದ್ರೆ ಒತ್ತಿಕೊಟ್ಟೆ. ನಾಲ್ಕು ತಿಂಗಳ ನಂತರ ಆಕೆ ಮಗಳ ಮನೆಯಿಂದ ಒಬ್ಬರೇ ಬಂದು ಬೆಂಚಿನ ಮೇಲೆ ಕುಳಿತರು. "ನೀವ ಸೈ ಮಾಡಿ ಕೊಟ್ರಂತಲ್ರೀ ಡಾಕ್ಟ್ರ" ಎಂದರು. ಅಷ್ಟೇ ಹೇಳಿದರು. ಸಾಲದ ಕಾಗದವೆಂದು ಹೇಳಿ ಮನೆಯ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆಮೇಲೆ ಒಳಗಿನ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮಗಳ ಊರಿಗೆ ಆಕೆಯ ಹಾಸಿಗೆ ಸರಿಯಿತು.

ಆಗ ನಾನು 2007ರ ಪಾಲಕರ ಪೋಷಣೆ ಹಾಗೂ ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆಯನ್ನು ಮೊದಲ ಬಾರಿಗೆ ಓದಿದೆ. ಈ ಕಾಯ್ದೆಯಡಿ 60 ವರ್ಷ ತುಂಬಿದವರು ಮಕ್ಕಳಿಂದ ಜೀವನಾಂಶ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಕೇಳುವವರು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್. ಮೇಲ್ಮನವಿ ಜಿಲ್ಲಾಧಿಕಾರಿಗಳ ಮುಂದೆ. ಅರ್ಜಿಯನ್ನು 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ ಸೇರಿಸಿ, ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಮೂಲ ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ಬೇಕೆಂದೇ ತೊರೆದುಬಿಟ್ಟವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು 23ನೆಯ ಸೆಕ್ಷನ್ನು. ನನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ವಂಚನೆಯಿಂದಲೋ ಬಲಾತ್ಕಾರದಿಂದಲೋ ಆದದ್ದೆಂದು ಭಾವಿಸಿ ರದ್ದುಗೊಳಿಸಬಹುದು. ಇಲ್ಲಿ 'ಷರತ್ತು' ಎಂಬ ಪದದ ಮೇಲೆ ಎಲ್ಲವೂ ನಿಂತಿದೆ. ಅಂಥ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಹಿತಕ್ಕಾಗಿ ಆದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ತಾಯಿಯೊಬ್ಬರ ದಾನಪತ್ರವನ್ನು ರದ್ದುಪಡಿಸಿತು. ಅಲ್ಲಿಯೂ ಮಗ ನೋಡಿಕೊಳ್ಳುತ್ತೇನೆಂದು ಕಾಗದ ಬರೆದುಕೊಟ್ಟಿದ್ದ. ನಾನು ಹೇಳಿದ ತಾಯಿಯ ದಾನಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಎಂಬ ಮಾತಿತ್ತೇ ಹೊರತು ಷರತ್ತು ಇರಲಿಲ್ಲ. ಆಕೆಗೆ ಜೀವನಾಂಶದ ಆದೇಶವಾಯಿತು. ಮನೆ ಮಾತ್ರ ಮರಳಲಿಲ್ಲ.

ಆದ್ದರಿಂದ ಆಸ್ತಿ ಹಂಚುವ ಯೋಚನೆಯಲ್ಲಿರುವ ಹಿರಿಯರು ದಾನಪತ್ರಕ್ಕೂ ಮರಣಶಾಸನಕ್ಕೂ ಇರುವ ಅಂತರ ತಿಳಿದಿರಬೇಕು. ದಾನಪತ್ರ ನೋಂದಣಿಯಾದ ದಿನವೇ ಆಸ್ತಿ ಕೈಬಿಡುತ್ತದೆ. ಮರಣಶಾಸನ ಅಥವಾ ಉಯಿಲು ಮರಣಾನಂತರವೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಬದುಕಿರುವಾಗಲೇ ಕೊಡಲೇಬೇಕೆಂದರೆ, ನನ್ನ ಊಟ, ಔಷಧಿ, ವಾಸ ನೋಡಿಕೊಳ್ಳತಕ್ಕದ್ದು ಹಾಗೂ ನನ್ನ ಜೀವಿತಕಾಲದಲ್ಲಿ ಈ ಮನೆಯಲ್ಲಿ ಇರುವ ಹಕ್ಕು ನನ್ನದೇ ಎಂಬ ಸಾಲುಗಳನ್ನು ಪತ್ರದಲ್ಲಿಯೇ ಬರೆಸಿ. ಮಕ್ಕಳು ಒಳ್ಳೆಯವರಿದ್ದರೆ ಈ ಸಾಲುಗಳಿಂದ ಅವರಿಗೆ ನಷ್ಟವೇನೂ ಇಲ್ಲ. ಹೊಲದ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆಸಿ ಯಾರ ಹೆಸರಿನಲ್ಲಿದೆಯೆಂದು ಓದಿಸಿಕೊಳ್ಳಿ.

ನನ್ನ ಮಟ್ಟಿಗೆ, ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಅಂಥ ಪ್ರಮಾಣಪತ್ರ ಕೇಳಿದರೆ ಕರೆತಂದವರನ್ನು ಹೊರಗೆ ಕೂರಿಸಿ ಹಿರಿಯರೊಡನೆ ಕಾಲು ಗಂಟೆಯಾದರೂ ಒಬ್ಬನೇ ಮಾತನಾಡುತ್ತೇನೆ. ಯಾವ ಕಾಗದ, ಯಾವ ಆಸ್ತಿ, ಮಕ್ಕಳೆಷ್ಟು, ಇದನ್ನು ಕೊಟ್ಟ ಮೇಲೆ ನೀವು ಎಲ್ಲಿರುತ್ತೀರಿ ಎಂದು ಕೇಳಿ, ಉತ್ತರಗಳನ್ನು ಬರೆದಿಡುತ್ತೇನೆ. ಇಬ್ಬರು ಮೂವರು ಇದರಿಂದ ಸಿಟ್ಟಾಗಿ ಬೇರೆ ವೈದ್ಯರ ಬಳಿ ಹೋಗಿದ್ದುಂಟು. ಕಿರಿಯ ವೈದ್ಯಮಿತ್ರರಲ್ಲಿ ನನ್ನ ವಿನಂತಿ: ಹಿರಿಯರು ಬಾಯಿ ತೆರೆಯುವ ಮೊದಲೇ ಅವರ ಪರವಾಗಿ ಉತ್ತರಿಸುವ ಮಕ್ಕಳನ್ನು, ಸೊಸೆಯಂದಿರನ್ನು, ಆಳುಗಳನ್ನು ಗಮನಿಸಿ. ಅದು ಕಾಳಜಿಯೂ ಇರಬಹುದು. ರೋಗಿಯನ್ನು ಒಮ್ಮೆ ಒಂಟಿಯಾಗಿ ಮಾತನಾಡಿಸಿದರೆ ತಿಳಿಯುತ್ತದೆ.

ಎಟಿಎಂ ಕಾರ್ಡನ್ನು ಮಗನಿಗೆ ಕೊಟ್ಟಿರುವುದೆಲ್ಲ ಶೋಷಣೆಯಲ್ಲ. ನಡೆಯಲಾಗದವರು ಮತ್ತೇನು ಮಾಡಿಯಾರು? ಆದರೆ ಪಿಂಚಣಿ ಎಷ್ಟು ಬಂತು, ಎಷ್ಟು ಉಳಿಯಿತು ಎಂಬುದು ಹಿರಿಯರಿಗೆ ಗೊತ್ತಿರಬೇಕು, ತಮ್ಮ ಕೈಯಲ್ಲಿ ಸ್ವಲ್ಪ ರೊಕ್ಕ ಇರಬೇಕು. ಮೊಮ್ಮಗುವಿಗೆ ಪೇಪರ್‌ಮೆಂಟ್ ಕೊಡಿಸಲು ಸೊಸೆಯನ್ನು ಕೇಳಬೇಕಾದ ಅಜ್ಜನ ನಾಡಿಯನ್ನು ಯಾವ ಚ್ಯವನಪ್ರಾಶವೂ ಸರಿಪಡಿಸದು.

ಮೋಸವಾದದ್ದು ತಿಳಿದ ಕೂಡಲೇ ಏನು ಮಾಡಬೇಕು? 1930ಕ್ಕೆ ಕರೆ ಮಾಡಬೇಕು. ನಾಳೆ ಬೆಳಿಗ್ಗೆ ಎನ್ನಬಾರದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಿರುತ್ತದೆ. ಅದು ಯಾವುದಾದರೂ ಬ್ಯಾಂಕಿನೊಳಗೆ ಇರುವಾಗಲೇ ತಡೆಹಿಡಿಯಬೇಕು. ಯಾವ ಖಾತೆಯಿಂದ, ಎಷ್ಟು ಗಂಟೆಗೆ, ಎಷ್ಟು ಹಣ, ವ್ಯವಹಾರದ ಸಂಖ್ಯೆ ಏನು ಎಂಬುದನ್ನು ಸಂದೇಶ ನೋಡಿ ಹೇಳಬೇಕು. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ನಿಮ್ಮ ತಪ್ಪಿಲ್ಲದೆ ಮೂರನೆಯವರ ಕೃತ್ಯದಿಂದ ಖಾತೆಯ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ್ದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಒ.ಟಿ.ಪಿ.ಯನ್ನು ತಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ. ಮನೆಯವರಿಂದ ತೊಂದರೆಯಿದ್ದರೆ ಹಿರಿಯರ ಸಹಾಯವಾಣಿ 14567.

ಮುಂಜಾಗ್ರತೆಯಾಗಿ ನಾನು ನನ್ನ ರೋಗಿಗಳಿಗೆ ಹೇಳುವುದು ಒಂದೇ ಉಪಾಯ: ಎರಡು ಖಾತೆ ಇಟ್ಟುಕೊಳ್ಳಿ. ಫೋನಿಗೂ ಕಾರ್ಡಿಗೂ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇರಲಿ. ಠೇವಣಿ ಬೇರೆ ಖಾತೆಯಲ್ಲಿ, ಫೋನಿನಿಂದ ಮುರಿಯಲಾಗದಂತೆ ಇರಲಿ. ಬ್ಯಾಂಕಿನ ಸಂದೇಶ ಹಿರಿಯರ ಜೊತೆಗೆ ನಂಬಿಕೆಯ ಮಗಳಿಗೋ ಮಗನಿಗೋ ಸಹ ತಲುಪುವಂತಾದರೆ ಉತ್ತಮ.

ಮತ್ತೆ ಬೈಗುಳದ ಮಾತು. ಹಣ ಕಳೆದುಕೊಂಡ ಹಿರಿಯರನ್ನು ಬೈದರೆ ಅವರು ಮುಂದಿನ ಸಲ ಹೇಳುವುದೇ ಇಲ್ಲ. ವಂಚಕರು ಎರಡನೆಯ ಸಲ 'ನಿಮ್ಮ ಹಣ ಮರಳಿ ಕೊಡಿಸುತ್ತೇವೆ' ಎಂದು ಬರುವುದು ಇಂಥವರ ಬಳಿಗೇ. ಅವಮಾನ ತಾಳದೆ ಜೀವ ಕಳೆದುಕೊಂಡವರ ಸುದ್ದಿ ನಮ್ಮ ಉತ್ತರ ಕರ್ನಾಟಕದಿಂದಲೇ ಬಂದಿದೆ. ಊಟ ಬಿಟ್ಟವರನ್ನು, ಮಾತು ನಿಲ್ಲಿಸಿದವರನ್ನು, 'ನಾ ಯಾಕ ಇರಬೇಕು' ಎನ್ನುವವರನ್ನು ಒಂಟಿಯಾಗಿ ಬಿಡಬೇಡಿ. ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಾಸ್ತರರು ನನ್ನ ಮುಂದೆ ಬಾಯಿ ಬಿಟ್ಟಾಗ ಆಗಲೇ ಐದು ವಾರ ಕಳೆದಿತ್ತು. ಅವರೆದುರಿಗೇ 1930ಕ್ಕೆ ಕರೆ ಮಾಡಿದೆವು. ಹನ್ನೊಂದು ಲಕ್ಷದಲ್ಲಿ ಎಂಬತ್ತು ಸಾವಿರದಷ್ಟು ಮಾತ್ರ ಒಂದು ಖಾತೆಯಲ್ಲಿ ಉಳಿದಿತ್ತು, ಅದನ್ನು ತಡೆಹಿಡಿದಿದ್ದಾರೆ. ಹೆಂಡತಿಗೆ ಹೇಳಲು ಅವರಿಗೆ ಧೈರ್ಯವಿರಲಿಲ್ಲ. ಮರುದಿನ ಇಬ್ಬರನ್ನೂ ಕರೆಸಿ ನಾನೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕ ತಿಂಗಳಾತು ಊಟಾ ಬಿಟ್ಟೀರೇನ್ರೀ?" ಎಂದು ಗಂಡನನ್ನು ಕೇಳಿದರು. ಈಗ ಅವರಿಗೆ ರಾತ್ರಿ ಐದು ತಾಸು ನಿದ್ರೆ ಬರುತ್ತಿದೆ. ಅಶ್ವಗಂಧಾರಿಷ್ಟ ಅದೇ, ಪ್ರಮಾಣವೂ ಅದೇ. ದೂರಿನ ಕಡತ ಇನ್ನೂ ಠಾಣೆಯಲ್ಲಿದೆ. ಈ ಲೇಖನದಲ್ಲಿ ತಮ್ಮ ಸಂಗತಿ ಬರೆಯಲು ಅವರೇ ಒಪ್ಪಿಗೆ ಕೊಟ್ಟರು, ಊರಿನ ಹೆಸರು ಮಾತ್ರ ಬೇಡವೆಂದರು.